ಚರಂಡಿಯ ಇನ್ನೊಂದು ತುದಿ: ತ್ಯಾಜ್ಯಜಲದ ಮಿತಿಗಳ ಕುರಿತು ಅಧ್ಯಯನ ಟಿಪ್ಪಣಿ

ಹೋಟೆಲು, ಲಾಂಡ್ರಿ, ಸಣ್ಣ ಕಾರ್ಖಾನೆಗಳು ಬಳಸಿದ ನೀರನ್ನು ಸಾರ್ವಜನಿಕ ಚರಂಡಿಗೆ ಬಿಡುವ ನಿಯಮಗಳನ್ನು ಓದುವವರು ಸಾಮಾನ್ಯವಾಗಿ ಮಿತಿಗಳ ಪಟ್ಟಿಯನ್ನು ಬಾಯಿಪಾಠ ಮಾಡಿ ಅದರ ಅಡಿಟಿಪ್ಪಣಿಯನ್ನು ಬಿಟ್ಟುಬಿಡುತ್ತಾರೆ. ಕಾಸರಗೋಡಿನ ಮಟ್ಟಿಗೆ ಆ ಅಡಿಟಿಪ್ಪಣಿಯೇ ಮುಖ್ಯ.

ಪರಿಸರ (ಸಂರಕ್ಷಣೆ) ನಿಯಮಗಳು, 1986ಕ್ಕೆ 1993ರಲ್ಲಿ ಸೇರಿಸಲಾದ ಆರನೆಯ ಅನುಸೂಚಿಯ ಪ್ರಕಾರ, ಸಾರ್ವಜನಿಕ ಒಳಚರಂಡಿಗೆ ಬಿಡುವ ನೀರಿನ ಬಿಓಡಿ, ಅಂದರೆ ಅದರಲ್ಲಿನ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 350 ಮಿಲಿಗ್ರಾಂವರೆಗೆ ಇರಬಹುದು. ಅದೇ ನೀರು ನೇರವಾಗಿ ಹೊಳೆ ಸೇರುವುದಾದರೆ 30ನ್ನು ಮೀರಬಾರದು. ನೀರಿನಲ್ಲಿ ಕರಗದೆ ತೂಗಾಡುವ ಘನಕಣಗಳಿಗೆ ಈ ಮಿತಿಗಳು ಕ್ರಮವಾಗಿ 600 ಮತ್ತು 100. ಎಣ್ಣೆ-ಜಿಡ್ಡಿಗೆ 20 ಮತ್ತು 10. ಇದು ಔದಾರ್ಯವಲ್ಲ. 350ನ್ನು 30ಕ್ಕೆ ಇಳಿಸಲು ಶೇ. 91ಕ್ಕೂ ಹೆಚ್ಚು ಕೊಳೆ ತೆಗೆಯಬೇಕಾಗುತ್ತದೆ, ಆ ಕೆಲಸ ಕೊಳವೆಯ ಕೊನೆಯಲ್ಲಿರುವ ಶುದ್ಧೀಕರಣ ಘಟಕದ್ದು. ಬ್ಯಾಕ್ಟೀರಿಯಾ ಜೀರ್ಣಿಸಲಾರದ ಪಾದರಸಕ್ಕೆ ಎರಡೂ ಕಡೆ 0.01 ಮಿಲಿಗ್ರಾಂ ಎಂಬ ಒಂದೇ ಮಿತಿ ಇರುವುದನ್ನು ಗಮನಿಸಿದರೆ ಈ ತರ್ಕ ಇನ್ನಷ್ಟು ಸ್ಪಷ್ಟವಾಗುತ್ತದೆ.

ಅಡಿಟಿಪ್ಪಣಿ ಹೇಳುವುದಿಷ್ಟು: ಚರಂಡಿಯು ಜೈವಿಕ ವಿಧಾನವೂ (ಸೂಕ್ಷ್ಮಜೀವಿಗಳಿಂದ ಕೊಳೆ ಜೀರ್ಣಿಸುವ ವಿಧಾನ) ಸೇರಿದ ದ್ವಿತೀಯ ಹಂತದ ಶುದ್ಧೀಕರಣಕ್ಕೆ ತಲುಪಿದರೆ ಮಾತ್ರ ಸಡಿಲ ಮಿತಿ, ಇಲ್ಲವಾದರೆ ಹೊಳೆಗೇ ಬಿಟ್ಟಂತೆ ಲೆಕ್ಕ.

ಕೇರಳದಲ್ಲಿ ಕೊಳವೆಜಾಲದ ಒಳಚರಂಡಿ ಮುಖ್ಯವಾಗಿ ತಿರುವನಂತಪುರ ಮತ್ತು ಕೊಚ್ಚಿಯ ಕೆಲವು ಭಾಗಗಳಿಗೆ ಸೀಮಿತ. ನಮ್ಮ ಪೇಟೆಗಳ ರಸ್ತೆಬದಿಯ ಚರಂಡಿಗಳು ತೋಡಿಗೆ, ತೋಡು ಚಂದ್ರಗಿರಿಗೋ ಮೊಗ್ರಾಲು ಹೊಳೆಗೋ. 1974ರ ಜಲ ಕಾಯ್ದೆಯ ವ್ಯಾಖ್ಯೆಯಲ್ಲಿ ಕೊಳಚೆ ಹೊತ್ತೊಯ್ಯುವ ತೆರೆದ ನಾಲೆಯೂ ಚರಂಡಿಯೇ ಆದ್ದರಿಂದ, ಅದಕ್ಕೆ ನೀರು ಬಿಡಲು 25ನೆಯ ಸೆಕ್ಷನ್ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಅದಕ್ಕೆ ಬದಲಿಯಲ್ಲ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ: ಸಮ್ಮತಿಯ ಮಟ್ಟಿಗೆ ಅದು ಚರಂಡಿ, ಮಿತಿಯ ಮಟ್ಟಿಗೆ ಹೊಳೆ.

ಊಟದ ಹೋಟೆಲೊಂದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪಾತ್ರೆ ತೊಳೆದ ಬಿಸಿನೀರು ಜಿಡ್ಡುತೊಟ್ಟಿಯಲ್ಲಿ ನಿಂತು ತಣಿಯುವಾಗ ತೆಂಗಿನೆಣ್ಣೆ ಮೇಲೆ ಕೆನೆಗಟ್ಟುತ್ತದೆ, ಅದನ್ನು ತೆಗೆದುಬಿಡಬಹುದು. ಆದರೆ ಕುಚ್ಚಲಕ್ಕಿಯ ಗಂಜಿತಿಳಿ ತೇಲುವುದೂ ಇಲ್ಲ, ಪೂರ್ತಿ ತಳಕ್ಕಿಳಿಯುವುದೂ ಇಲ್ಲ. ಬಿಓಡಿಯನ್ನು ಏರಿಸುವ ಆ ಪಿಷ್ಟ ತೊಟ್ಟಿಯನ್ನು ದಾಟಿ ಹೋಗುತ್ತದೆ. ಹೀಗಾಗಿ ಜಿಡ್ಡುತೊಟ್ಟಿಯೊಂದನ್ನೇ ನಂಬಿದ ಹೋಟೆಲು ಎಣ್ಣೆಯ ಮಿತಿಯನ್ನು ಪಾಲಿಸಿಯೂ 30ರ ಮಿತಿಯನ್ನು ಮುಟ್ಟಲಾರದು. ಅದು ತನ್ನ ಹಿತ್ತಿಲಲ್ಲೇ ಗಾಳಿಯೂಡುವ ಸಣ್ಣ ಜೈವಿಕ ಘಟಕವನ್ನು ನಡೆಸಬೇಕಾಗುತ್ತದೆ.