ಎಲೆ ಕಾಣಲಿಲ್ಲ ಅಂದರೆ ಕಡಲಹುಲ್ಲು ಸತ್ತಿದೆ ಅಂತಲ್ಲ

ಪ್ರಶ್ನೆ: ಮಗನ ಮನೆಗೆಂದು ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ಗೆ ಹೋಗಿದ್ದೆವು. ಅಕ್ಟೋಬರಿನಲ್ಲಿ ಇಳಿತದ ಹೊತ್ತಿಗೆ ತೀರದ ತುಂಬ ಹಸಿರು ಹುಲ್ಲಿತ್ತು. ಮಾರ್ಚಿನಲ್ಲಿ ನೋಡಿದರೆ ಬರೀ ಕೆಸರು. ಅಷ್ಟೂ ಸತ್ತುಹೋಯಿತಾ?

ಉತ್ತರ: ಇಲ್ಲ. ಈ ಪ್ರಶ್ನೆ ನನಗೆ ಹೊಸದೇನಲ್ಲ. ಕೇಳುವವರ ಊರು ಬದಲಾಗುತ್ತದೆ, ತಿಂಗಳು ಬದಲಾಗುತ್ತದೆ, ‘ಸತ್ತುಹೋಯಿತಾ’ ಮಾತ್ರ ಬದಲಾಗುವುದಿಲ್ಲ.

ಅಲ್ಲಿ ಮಳೆಗಾಲ ಡಿಸೆಂಬರಿನಿಂದ ಮಾರ್ಚ್‌ವರೆಗೆ. ಬುರ್ಡೆಕಿನ್‌ನಂಥ ನದಿಗಳು ರಾಡಿ ನೀರನ್ನು ಕಡಲಿಗೆ ಸುರಿಯುತ್ತವೆ. ಬಿಸಿಲು ತಳ ಮುಟ್ಟುವುದಿಲ್ಲ, ಅಲೆ ಮಣ್ಣನ್ನೇ ಕಲಕುತ್ತದೆ. ಹುಲ್ಲು ಸೊರಗುತ್ತದೆ. ಜುಲೈ ಹೊತ್ತಿಗೆ ನೀರು ತಿಳಿಯಾಗಿರುತ್ತದೆ, ಮತ್ತೆ ಚಿಗುರುತ್ತದೆ, ವರ್ಷದ ಕೊನೆಯ ತಿಂಗಳುಗಳಲ್ಲಿ ಸೊಂಪಾಗಿರುತ್ತದೆ. ನೀವು ನೋಡಿದ್ದು ಎರಡು ತುದಿಗಳನ್ನು, ಅಷ್ಟೇ.

ಇನ್ನು ಆ ತಪ್ಪು ಕಲ್ಪನೆಗೆ ಬರೋಣ. ಎಲೆ ಇಲ್ಲ ಅಂದರೆ ಗಿಡ ಇಲ್ಲ ಅಂತ ಯಾರು ಹೇಳಿದರು? ಬೇಸಿಗೆಯಲ್ಲಿ ಹೊಲದ ಬದುವಿನ ಗರಿಕೆ ನೋಡಿದ್ದೀರಲ್ವಾ? ಒಣಗಿ ಪುಡಿಯಾಗಿರುತ್ತದೆ. ಒಂದು ಮಳೆ ಬಿದ್ದು ವಾರವಾಗಲಿ, ಹಸಿರು. ಅದು ಸತ್ತು ಹುಟ್ಟಿತು ಅಂತ ಯಾವ ರೈತನೂ ಹೇಳುವುದಿಲ್ಲ. ಕಡಲಿಗೆ ಬಂದ ಕೂಡಲೇ ನಮ್ಮ ಬುದ್ಧಿ ಕೈಕೊಡುತ್ತದೆ, ಯಾಕೆಂದರೆ ಇದನ್ನು ನಾವು ಪಾಚಿ ಅಂದುಕೊಂಡಿರುತ್ತೇವೆ. ಪಾಚಿ ಅಲ್ಲ ಮಾರಾಯ್ರೇ! ಇದಕ್ಕೆ ಬೇರಿದೆ, ಹೂವಿದೆ, ಬೀಜವಿದೆ. ಶುಂಠಿಯ ಹಾಗೆ ಮಣ್ಣೊಳಗೆ ಅಡ್ಡಡ್ಡ ಹರಿಯುವ ಕಾಂಡವಿದೆ.

ಬೋಳು ಕೆಸರನ್ನು ಬೆರಳಿನಿಂದ ಸ್ವಲ್ಪ ಕೆದಕಿದರೆ ಎಷ್ಟೋ ಕಡೆ ದಾರದಂಥ ಬಿಳಿ ಕಾಂಡ ಸಿಗುತ್ತದೆ. ಅದೂ ಇಲ್ಲದಿದ್ದರೆ ಬೀಜ. ಅಲ್ಲಿ ಜಾಸ್ತಿ ಸಿಗುವ ಹ್ಯಾಲೊಡ್ಯೂಲ್ ಎಂಬ ಜಾತಿಯ ಎಲೆ ಸಣ್ಣ ರಿಬ್ಬನ್ನಿನಂತೆ, ತುದಿಯಲ್ಲಿ ಮೂರು ಹಲ್ಲು. ಅದರ ಬೀಜ ಸಾಸಿವೆ ಕಾಳಿನಷ್ಟು, ಗಟ್ಟಿ ಸಿಪ್ಪೆ. ವರ್ಷಗಟ್ಟಲೆ ಮಣ್ಣಲ್ಲಿ ಸುಮ್ನೆ ಬಿದ್ದಿರುತ್ತದೆ. ಅದಕ್ಕೇ 1998ರಲ್ಲಿ ಟೌನ್ಸ್‌ವಿಲ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ ಶುರುವಾದ, ಕಡಲಹುಲ್ಲಿನ ಮೇಲೆ ಕಣ್ಣಿಡುವ ಸೀಗ್ರಾಸ್-ವಾಚ್ ಕಾರ್ಯಕ್ರಮದವರು 50 ಸೆಂ.ಮೀ. ಚೌಕಟ್ಟಿಟ್ಟು ಎಲೆ ಎಷ್ಟಿದೆ ಅಂತ ನೋಡುವುದಷ್ಟೇ ಅಲ್ಲ, ಕೆಸರನ್ನು ಜರಡಿ ಹಿಡಿದು ಬೀಜವನ್ನೂ ಎಣಿಸುತ್ತಾರೆ.

ಹಾಗಂತ ಎಂದೂ ಸಾಯುವುದೇ ಇಲ್ಲ ಅಂತಲ್ಲ. 2011ರ ಫೆಬ್ರವರಿಯಲ್ಲಿ ಯಾಸಿ ಚಂಡಮಾರುತ ಬಂತು. ಮೊದಲೇ ಮಳೆ, ನೆರೆಗಳಿಂದ ಬಡವಾಗಿದ್ದ ಹುಲ್ಲು ಎಷ್ಟೋ ಕಡೆ ನಿಜಕ್ಕೂ ಹೋಯಿತು. ಚೇತರಿಸಿಕೊಳ್ಳಲು ವರ್ಷಗಳೇ ಬೇಕಾದವು. ಆ ವರ್ಷ ಈ ಹುಲ್ಲು ತಿನ್ನುವ ಕಡಲ ಸಸ್ತನಿ ಡುಗಾಂಗ್‌ಗಳೂ ಕಡಲಾಮೆಗಳೂ ಹೊಟ್ಟೆಗಿಲ್ಲದೆ ಸತ್ತು ದಡಕ್ಕೆ ಬಂದವು. ವ್ಯತ್ಯಾಸ ತಿಳಿಯಬೇಕಾದರೆ ಮಾರ್ಚನ್ನು ಮಾರ್ಚಿನ ಜೊತೆ ಹೋಲಿಸಿ, ಅಕ್ಟೋಬರಿನ ಜೊತೆ ಅಲ್ಲ.

ಡುಗಾಂಗ್ ಮಾತು ಬಂತಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಇದನ್ನು ಕಡಲಹಸು ಅಂತಲೂ ಕರೆಯುತ್ತಾರೆ. ದಿನಕ್ಕೆ ಮೂವತ್ತು ಕಿಲೋಗೂ ಜಾಸ್ತಿ ಹುಲ್ಲು ತಿನ್ನಬಲ್ಲದು. ಮೇಯುವುದಲ್ಲ, ಬೇರು ಸಮೇತ ಉಳುತ್ತದೆ. ಇಳಿತದಲ್ಲಿ ಹುಲ್ಲಿನ ನಡುವೆ ಅಂಕುಡೊಂಕಾದ ಬೋಳು ಸಾಲು ಕಂಡರೆ ಅದು ಇದರದೇ ಕೆಲಸ. ಹಾಳು ಮಾಡಿತು ಅನ್ನಬೇಡಿ. ಅಲ್ಲಿನ ಗ್ರೇಟ್ ಬ್ಯಾರಿಯರ್ ರೀಫ್ ಎಂಬ ಹವಳದಿಬ್ಬಗಳ ಕಡೆಯ ಸಂಶೋಧಕರು ಡುಗಾಂಗ್ ಮತ್ತು ಹಸಿರು ಆಮೆಯ ಸಗಣಿ ಹೆಕ್ಕಿ ತಂದು ನೋಡಿದರು. ಒಳಗೆ ಕಡಲಹುಲ್ಲಿನ ಬೀಜಗಳಿದ್ದವು. ಅವುಗಳಲ್ಲಿ ಕೆಲವು ಮೊಳೆತವು ಕೂಡ.