ಪರವಾನಗಿಯಲ್ಲಿ ಒಂದೇ .32, ಅಂಗಡಿಯಲ್ಲಿ ಎರಡು ತೋಟಾ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜಿಲ್ಲಾಧಿಕಾರಿಗಳಿಂದ ಪರವಾನಗಿ ಪಡೆದು ರಿವಾಲ್ವರ್ ಅಥವಾ ಪಿಸ್ತೂಲು ಇಟ್ಟುಕೊಂಡವರನ್ನು ಯಾವ ಬೋರ್ (ನಳಿಕೆಯ ಒಳ ಅಗಲ, ಇಂಚಿನ ಲೆಕ್ಕದಲ್ಲಿ) ಎಂದು ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ .32. ಇದಕ್ಕೆ ಕಾರಣ ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬಂದ 1962ರ ನಿಯಮಗಳು .380, .455, 9 ಮಿ.ಮೀ. ಮತ್ತು .45ರ ಸೇನಾ ತೋಟಾ ಹಾರಿಸಬಲ್ಲ ಆಯುಧಗಳನ್ನು ನಿಷೇಧಿತ ಬೋರ್‌ಗೆ ಸೇರಿಸಿದವು. ನಾಗರಿಕರ ಪಾಲಿಗೆ ಹೆಚ್ಚಾಗಿ ಸಣ್ಣ ಬೋರ್‌ಗಳು ಉಳಿದವು. ಕಾನ್ಪುರದ ಸರ್ಕಾರಿ ಕಾರ್ಖಾನೆಯ ರಿವಾಲ್ವರ್, 2014ರಲ್ಲಿ ಬಂದ ‘ನಿರ್ಭೀಕ್’, ‘ಅಶನಿ’ ಪಿಸ್ತೂಲು ಎಲ್ಲವೂ .32.

ತೊಡಕು ಇಲ್ಲೇ ಇದೆ. ರಿವಾಲ್ವರಿನ .32 ಬೇರೆ, ಪಿಸ್ತೂಲಿನ .32 ಬೇರೆ.

ಮೊದಲು ಬಂದದ್ದು 1878ರ .32 ಎಸ್ ಅಂಡ್ ಡಬ್ಲ್ಯು (ಸ್ಮಿತ್ ಅಂಡ್ ವೆಸನ್). ಕರಿಮದ್ದಿನ ಕಾಲದ ಗಿಡ್ಡ ತೋಟಾ ಅದು, ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಉದ್ದ ಸುಮಾರು 15.5 ಮಿ.ಮೀ. ಅದನ್ನೇ 23.4 ಮಿ.ಮೀ.ಗೆ ಉದ್ದ ಮಾಡಿ 1896ರಲ್ಲಿ ತಂದದ್ದು .32 ಎಸ್ ಅಂಡ್ ಡಬ್ಲ್ಯು ಲಾಂಗ್. ನಮ್ಮ ರಿವಾಲ್ವರ್‌ಗಳು ಹಾರಿಸುವುದು ಇದನ್ನು. ಮೂರು ವರ್ಷ ಕಳೆದು, 1899ರಲ್ಲಿ, ಜಾನ್ ಬ್ರೌನಿಂಗ್ ಬೆಲ್ಜಿಯಂನ ಎಫ್‌ಎನ್ ಕಂಪನಿಯ ಪಿಸ್ತೂಲಿಗಾಗಿ .32 ಎಸಿಪಿ (ಆಟೋಮ್ಯಾಟಿಕ್ ಕೋಲ್ಟ್ ಪಿಸ್ಟಲ್) ತೋಟಾ ರೂಪಿಸಿದ. ಇದಕ್ಕೆ 7.65 ಬ್ರೌನಿಂಗ್ ಎಂಬ ಹೆಸರೂ ಉಂಟು. ಕೇಸ್ 17.3 ಮಿ.ಮೀ.

ಲಾಂಗ್, ಎಸಿಪಿ ಎರಡರ ಗುಂಡೂ ಸುಮಾರು 7.9 ಮಿ.ಮೀ. ದಪ್ಪ, ಕೇಸಿನ ಬುಡವೂ ಹೆಚ್ಚುಕಡಿಮೆ ಒಂದೇ. ಮೋಸ ಹೋಗುವುದು ಇದರಿಂದಲೇ. ಲಾಂಗ್ ತೋಟಾದ ಸೀಸದ ಗುಂಡು ಸುಮಾರು 6.4 ಗ್ರಾಂ ತೂಗಿ ಸೆಕೆಂಡಿಗೆ 215 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ. ಎಸಿಪಿಯ ಲೋಹಕವಚದ ಗುಂಡು 4.6 ಗ್ರಾಂ, ವೇಗ 275 ಮೀಟರ್ ಹತ್ತಿರ. ಗಮನಿಸಬೇಕಾದದ್ದು ಒತ್ತಡ: ಅಮೆರಿಕದ ಮಾನದಂಡದಲ್ಲಿ ಲಾಂಗ್‌ಗೆ 15,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಿತಿಯಿದ್ದರೆ ಎಸಿಪಿಗೆ 20,500.

ಲಾಂಗ್ ತೋಟಾ ಪೂರ್ತಿ 32 ಮಿ.ಮೀ.ಗೂ ಉದ್ದವಿರುವುದರಿಂದ 25 ಮಿ.ಮೀ.ನ ಎಸಿಪಿ ತೋಟಾಕ್ಕೆಂದು ಮಾಡಿದ ಪಿಸ್ತೂಲಿನ ಮ್ಯಾಗಜಿನ್‌ಗೆ (ತೋಟಾ ತುಂಬುವ ಡಬ್ಬಿಗೆ) ಹೋಗುವುದೇ ಇಲ್ಲ. ಅಪಾಯವಿರುವುದು ತಿರುವುಮುರುವಾದಾಗ. ಎಸಿಪಿಯ ಬುಡದಲ್ಲೂ ಚಿಕ್ಕದೊಂದು ಹೊರಚಾಚಿದ ಅಂಚು ಇದೆ, ಹಾಗಾಗಿ ರಿವಾಲ್ವರಿನ ಸಿಲಿಂಡರಿನಲ್ಲಿ ಅದು ಕೂತುಬಿಡುತ್ತದೆ. ಕೂತಿತೆಂದು ಹಾರಿಸಬಾರದು. ಹಳೆಯ ರಿವಾಲ್ವರ್ ತಡೆಯಲಾರದ ಒತ್ತಡ ಅದು. ಅಂಚು ತೆಳ್ಳಗಿರುವುದರಿಂದ ತೋಟಾ ಹಿಂದೆಮುಂದೆ ಆಡುತ್ತದೆ, ಸಿಡಿಯದೆಯೂ ಹೋಗಬಹುದು. ಅಗಲ ಕಡಿಮೆಯಾದ ಕಾರಣ ಖಾಲಿ ಕೇಸ್ ಹೊರತೆಗೆಯುವ ನಕ್ಷತ್ರಪಟ್ಟಿಯ ಹಿಡಿತದಿಂದ ಜಾರಿ ಒಳಗೇ ಉಳಿಯಬಹುದು.

ಖರೀದಿಸುವಾಗ ಪೆಟ್ಟಿಗೆಯ ಮೇಲಿನ ‘.32’ ಒಂದನ್ನೇ ನಂಬದೆ, ತೋಟಾದ ಬುಡದ ಮುದ್ರೆ ಓದಿ. ‘ಎಸ್ ಅಂಡ್ ಡಬ್ಲ್ಯು ಲಾಂಗ್’ ಎಂದಿದ್ದರೆ ರಿವಾಲ್ವರಿಗೆ. ‘ಆಟೋ’, ‘ಎಸಿಪಿ’, ‘7.65’ ಎಂದಿದ್ದರೆ ಪಿಸ್ತೂಲಿಗೆ. ನಳಿಕೆಯ ಮೇಲಿನ ಕೆತ್ತನೆಗೂ ಅದಕ್ಕೂ ತಾಳೆಯಾಗಬೇಕು. ಚುನಾವಣೆಗೆಂದು ಠಾಣೆಯಲ್ಲಿ ಆಯುಧದೊಂದಿಗೆ ತೋಟಾವನ್ನೂ ಠೇವಣಿ ಇಟ್ಟಿದ್ದರೆ, ವಾಪಸ್ ಪಡೆಯುವಾಗಲೂ ಇದೇ ತಾಳೆ ನೋಡಿ.

ಪಿಸ್ತೂಲಿನವರಿಗೆ ಇನ್ನೊಂದು ಎಚ್ಚರಿಕೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದೆ ಸರಿದರೆ ಎರಡೂ ಸಿಕ್ಕಿಕೊಂಡು ತೋಟಾ ಮೇಲೇರದು. ಕಡಿಮೆ ಉದ್ದದ, ಟೊಳ್ಳು ಮೂತಿಯ ಗುಂಡಿನಲ್ಲಿ ಇದು ಹೆಚ್ಚು.

ಚರ್ಮದ ಬೆಲ್ಟಿನಲ್ಲಿ ವರ್ಷಗಟ್ಟಲೆ ತೋಟಾ ಬಿಡಬೇಡಿ. ಹದಮಾಡಿದ ಚರ್ಮದ ಆಮ್ಲಕ್ಕೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ. ತೇವ ತಾಗಿದ ತೋಟಾದ ಮದ್ದು ಕೆಟ್ಟು, ಗುಂಡು ನಳಿಕೆಯ ನಡುವೆಯೇ ನಿಲ್ಲಬಹುದು. ಹಾರಿಸಿದಾಗ ಸದ್ದು ಮೆತ್ತಗೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ, ಆಯುಧ ಖಾಲಿ ಮಾಡಿ, ನಳಿಕೆ ತೆರವಾಗಿದೆಯೇ ಎಂದು ನೋಡದೆ ಎರಡನೆಯದನ್ನು ಹಾರಿಸಬೇಡಿ. ಕುದುರೆ (ಟ್ರಿಗರ್) ಎಳೆದರೂ ಸಿಡಿಯದಿದ್ದರೆ ನಳಿಕೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾದು, ಆಮೇಲೆ ತೆರೆಯಿರಿ.