25ರಿಂದ 63ಕ್ಕೆ ಹತ್ತಿರದ ದಾರಿ ಯಾವುದು?

ನಮ್ಮ ಕಡೆ ನಂಬರ್ ಪ್ಲೇಟ್ ನೋಡಿದರೆ ಗಾಡಿ ಯಾವ ಊರಿನದು ಅಂತ ಗೊತ್ತಾಗುತ್ತದೆ. ಕೆಎ 25 ಧಾರವಾಡ, 26 ಗದಗ, 27 ಹಾವೇರಿ, 63 ಹುಬ್ಬಳ್ಳಿ. ಇದೇ ಪ್ಲೇಟಿನ ಅಂಕಿಗಳನ್ನು ಕೂಡಿಸಿ, ಒಂಬತ್ತು ಬಂದರೆ ಶುಭ ಅಂತ ನಂಬಿ ಫ್ಯಾನ್ಸಿ ನಂಬರಿಗೆ ದುಡ್ಡು ಸುರಿಯುವವರೂ ಇದ್ದಾರೆ. ಸುರಿಯಲಿ ಬಿಡಿ. ಅಂಕಿಗಳ ಜೊತೆ ಆಡಲೇಬೇಕು ಅಂದರೆ ಪೈಸೆ ಖರ್ಚಿಲ್ಲದ, ಅದಕ್ಕಿಂತ ಮಜಾ ಇರುವ ಆಟ ಇದೆ.

ಎರಡೇ ಬಟನ್ ಇರುವ ಯಂತ್ರ ಅಂದುಕೊಳ್ಳಿ. ಒಂದು ಬಟನ್ ಒತ್ತಿದರೆ ಸಂಖ್ಯೆ ದುಪ್ಪಟ್ಟಾಗುತ್ತದೆ. ಇನ್ನೊಂದು ಒತ್ತಿದರೆ ಒಂದು ಕಡಿಮೆಯಾಗುತ್ತದೆ. ಪರದೆ ಮೇಲೆ 25 ಇದೆ, 63 ಬರಬೇಕು. ಕನಿಷ್ಠ ಎಷ್ಟು ಸಲ ಒತ್ತಬೇಕು?

63 ದೊಡ್ಡದು ಅಲ್ವಾ, ಅಂತ ಹೆಚ್ಚಿನವರ ಕೈ ಸೀದಾ ದುಪ್ಪಟ್ಟಿನ ಮೇಲೆ ಹೋಗುತ್ತದೆ. 50, ಆಮೇಲೆ 100, ಅಲ್ಲಿಂದ ಒಂದೊಂದೇ ಕಳೆಯುತ್ತಾ 63ಕ್ಕೆ ಇಳಿದರೆ ಒಟ್ಟು 39. ಸ್ವಲ್ಪ ತಲೆ ಓಡಿಸಿದವರು 50ರಿಂದ 32ಕ್ಕೆ ಇಳಿದು, ದುಪ್ಪಟ್ಟು ಮಾಡಿ, ಒಂದು ಕಳೆದು 21ರಲ್ಲಿ ಮುಗಿಸುತ್ತಾರೆ. ನಿಜವಾದ ಉತ್ತರ 12. ಮೊದಲು ಗುರಿಗೆ ಬೆನ್ನು ಹಾಕಿ 25ರಿಂದ 16ಕ್ಕೆ ಇಳಿಯಬೇಕು, 9 ಸಲ. ಆಮೇಲೆ 32, 64, 63.

ಯಾಕೆ ಹೀಗೆ? 25 ಒಂದು ಸಲ ದುಪ್ಪಟ್ಟಾದರೆ 50, ಅದು ಸಾಲದು. ಎರಡು ಸಲ ಆದರೆ 100, ಅಂದರೆ 37 ಜಾಸ್ತಿ. ಈ 37 ಎಲ್ಲಾದರೂ ಕಳೆಯಲೇಬೇಕು, ಪ್ರಶ್ನೆ ಎಲ್ಲಿ ಅನ್ನುವುದು. ಎರಡೂ ದುಪ್ಪಟ್ಟು ಮುಗಿದ ಮೇಲೆ ಒಂದು ಕಳೆದರೆ ಅದರ ಬೆಲೆ ಬರೀ ಒಂದು. ನಡುವೆ ಕಳೆದರೆ ಅದೂ ಮುಂದೆ ದುಪ್ಪಟ್ಟಾಗಿ ಎರಡಾಗುತ್ತದೆ. ಎಲ್ಲಕ್ಕೂ ಮೊದಲೇ ಕಳೆದರೆ ನಾಲ್ಕಾಗುತ್ತದೆ. ಒಂಬತ್ತು ನಾಲ್ಕಲೆ ಮೂವತ್ತಾರು, ಕೊನೆಯಲ್ಲಿ ಇನ್ನೊಂದು, 37 ಮುಗಿಯಿತು! ಹಾಗಾದರೆ ಮೂರು ಸಲ ದುಪ್ಪಟ್ಟು ಮಾಡಿ, ಒಂದೊಂದು ಕಳೆತಕ್ಕೂ ಎಂಟರ ಬೆಲೆ ಪಡೆಯೋಣ ಅಂತೀರಾ? ಆಗ 200 ಆಗಿ ಕಳೆಯಬೇಕಾದದ್ದು 137ಕ್ಕೆ ಏರುತ್ತದೆ, ಮತ್ತೆ 21ಕ್ಕೇ ಬಂದು ನಿಲ್ಲುತ್ತೀರಿ.

ಈ ಉತ್ತರ ಹುಡುಕುವ ಕಂಪ್ಯೂಟರ್ ಪ್ರೋಗ್ರಾಂಗೆ ಇದ್ಯಾವುದೂ ತಿಳಿಯಬೇಕಿಲ್ಲ. ಈಗ ಎಲ್ಲದಕ್ಕೂ "ಕಂಪ್ಯೂಟರ್ ತಾನೇ ಯೋಚಿಸುತ್ತೆ" ಅನ್ನುವವರಿದ್ದಾರೆ, ಇಲ್ಲಿ ಅದು ಯೋಚಿಸುವುದೇ ಇಲ್ಲ. ಓಣಿಯಲ್ಲಿ ಸುದ್ದಿ ಮನೆಯಿಂದ ಮನೆಗೆ ಹಬ್ಬಿದ ಹಾಗೆ ಸುತ್ತು ಸುತ್ತಾಗಿ ಹಬ್ಬುತ್ತದೆ, ಅಷ್ಟೇ. ಮೊದಲ ಸುತ್ತಿಗೆ 24 ಮತ್ತು 50. ಎರಡನೇ ಸುತ್ತಿಗೆ 23, 48, 49, 100. ಮೂರನೆಯದರಲ್ಲಿ 49ರಿಂದ ಒಂದು ಕಳೆದರೆ ಮತ್ತೆ 48 ಬರುತ್ತದೆ, ಅದು ಆಗಲೇ ಪಟ್ಟಿಯಲ್ಲಿದೆ, ಬಿಟ್ಟುಬಿಡುತ್ತದೆ. 63 ಯಾವ ಸುತ್ತಿನಲ್ಲಿ ಮೊದಲ ಸಲ ಕಾಣುತ್ತದೋ ಅದೇ ಉತ್ತರ, ಯಾಕಂದರೆ ಅದಕ್ಕಿಂತ ಹತ್ತಿರದ ದಾರಿ ಇದ್ದಿದ್ದರೆ ಹಿಂದಿನ ಸುತ್ತಿನಲ್ಲೇ ಸಿಕ್ಕಿರುತ್ತಿತ್ತು. ಪ್ರತಿ ಸಂಖ್ಯೆ ಎಲ್ಲಿಂದ ಬಂತು ಅಂತ ಬರೆದಿಟ್ಟುಕೊಂಡರೆ ಹಿಂದಕ್ಕೆ ನಡೆದು ದಾರಿಯನ್ನೂ ಹೇಳಬಹುದು.

ಆ "ಬಿಟ್ಟುಬಿಡುವುದು" ಸಣ್ಣ ಕೆಲಸ ಅಲ್ಲ. 12 ಸಲ ಒತ್ತುವ ಕ್ರಮಗಳೇ 4096 ಇವೆ. ಬಂದದ್ದನ್ನು ಬಿಡುತ್ತಾ ಹೋದರೆ, ಜೊತೆಗೆ 64 ದಾಟಿದ್ದನ್ನು ಮುಟ್ಟದಿದ್ದರೆ, ನೋಡಬೇಕಾದ್ದು ಹೆಚ್ಚೆಂದರೆ 64 ಸಂಖ್ಯೆ. 64 ದಾಟಬೇಕಿಲ್ಲ ಯಾಕೆ ಅಂದರೆ, ದುಪ್ಪಟ್ಟಾದ ಮೇಲೆ ಎರಡು ಕಳೆಯುವ ಬದಲು ಮೊದಲೇ ಒಂದು ಕಳೆದರೆ ಒಂದು ಒತ್ತು ಉಳಿಯಿತಲ್ಲ.

ಸುತ್ತು ಸುತ್ತಾಗಿ ಹಬ್ಬುವ ಈ ವಿಧಾನವನ್ನು ಜರ್ಮನಿಯ ಕಂಪ್ಯೂಟರ್ ತಜ್ಞ ಕೊನ್ರಾಡ್ ಜೂಸ 1945ರಲ್ಲೇ ಬರೆದಿಟ್ಟಿದ್ದ, ಅದು ಅಚ್ಚಾಗಿದ್ದು 1972ರಲ್ಲಿ. ನಡುವೆ 1959ರಲ್ಲಿ ಅಮೆರಿಕದ ಗಣಿತಜ್ಞ ಎಡ್ವರ್ಡ್ ಮೂರ್ ಚಕ್ರವ್ಯೂಹದಂಥ ದಾರಿಗಳಿಂದ ಹೊರಬರಲು ಇದನ್ನೇ ಸ್ವತಂತ್ರವಾಗಿ ಕಂಡುಕೊಂಡ. ಅದೇ ವರ್ಷ ಡಚ್ ವಿಜ್ಞಾನಿ ಡೈಕ್‌ಸ್ಟ್ರಾ, ಹೆಜ್ಜೆಗಳ ಉದ್ದ ಬೇರೆ ಬೇರೆ ಇದ್ದಾಗ ಏನು ಮಾಡಬೇಕು ಅನ್ನುವುದನ್ನು ಪ್ರಕಟಿಸಿದ. 1956ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಮದುವೆ ನಿಶ್ಚಯವಾಗಿದ್ದ ಹುಡುಗಿಯ ಜೊತೆ ಅಂಗಡಿ ಸುತ್ತಿ ದಣಿದು ಕಾಫಿಗೆ ಕೂತಾಗ, ಕಾಗದ ಪೆನ್ಸಿಲ್ ಇಲ್ಲದೆ 20 ನಿಮಿಷದಲ್ಲಿ ಹೊಳೆದದ್ದಂತೆ. ಅವನೇ ಹೇಳಿಕೊಂಡಿದ್ದಾನೆ.

ಯಂತ್ರಕ್ಕೆ ಬರೋಣ. 27ರ ಅಂಕಿ ಕೂಡಿಸಿದರೂ ಒಂಬತ್ತು, 63ರದು ಕೂಡಿಸಿದರೂ ಒಂಬತ್ತು, ಸಂಖ್ಯಾಶಾಸ್ತ್ರದವರಿಗೆ ಇವು ಅಣ್ಣತಮ್ಮಂದಿರು. ಬಟನ್ ಹಿಡಿದು ನೋಡಿದರೆ 27ರಿಂದ 63ಕ್ಕೆ 14 ಹೆಜ್ಜೆ, 25ರಿಂದ ಹೋದದ್ದಕ್ಕಿಂತ ದೂರ. ಇನ್ನೂ ತಮಾಷೆ ಗದಗ ಮತ್ತು ಹಾವೇರಿಯದು. 27ರಿಂದ 26ಕ್ಕೆ ಒಂದೇ ಹೆಜ್ಜೆ. 26ರಿಂದ 27ಕ್ಕೆ? 14ರ ತನಕ ಇಳಿದು, 28ಕ್ಕೆ ಹಾರಿ, ಒಂದು ಇಳಿಯಬೇಕು. ಒಟ್ಟು 14! ಇಲ್ಲಿ ಹೋಗುವ ದೂರ ಬೇರೆ, ಬರುವ ದೂರ ಬೇರೆ.

ಜಾಣರಿಗೆ ಒಂದು ಒಳದಾರಿ ಇದೆ. 63ರಿಂದ ಹಿಂದಕ್ಕೆ ನಡೆಯಿರಿ: ಸಮ ಸಂಖ್ಯೆಯಾದರೆ ಅರ್ಧ ಮಾಡಿ, ಬೆಸವಾದರೆ ಒಂದು ಸೇರಿಸಿ. 64, 32, 16, ಈಗ 25ಕ್ಕಿಂತ ಕೆಳಗೆ ಬಂದಿರಿ, ವ್ಯತ್ಯಾಸ 9 ಸೇರಿಸಿದರೆ 12. ಹುಡುಕಾಟವೇ ಬೇಡ. ಆದರೆ ಯಂತ್ರಕ್ಕೆ "ಒಂದು ಕೂಡಿಸು" ಅನ್ನುವ ಮೂರನೇ ಬಟನ್ ಹಾಕಿ ನೋಡಿ. ಅದೇ ಹಳೇ ನಿಯಮ ಹಿಡಿದು 63ರಿಂದ 64, 32 ಅಂತ ಹಿಂದೆ ಬಂದು, ಈಗ ಹತ್ತಲೂ ಬರುವುದರಿಂದ 32ರಲ್ಲೇ ನಿಂತರೆ, 25ರಿಂದ 32ಕ್ಕೆ 7 ಹತ್ತಿ ಒಟ್ಟು 9 ಅನ್ನುತ್ತದೆ. ಸುಮ್ನೆ ಸುತ್ತು ಸುತ್ತಾಗಿ ಹಬ್ಬುವ ಪ್ರೋಗ್ರಾಂಗೆ ಒಂದೇ ಸಾಲು ಸೇರಿಸಿ ಓಡಿಸಿದರೆ ಅದು 31ಕ್ಕೆ ಹತ್ತಿ, 62 ಮಾಡಿ, ಒಂದು ಕೂಡಿಸಿ, 8 ಅನ್ನುತ್ತದೆ.